ಮನೆಯವರಿಗೆ ಸರದಿ ಇಲ್ಲ

ಆ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿತ್ತು: ಅಲ್ಲಿ ಕೆಲಸ ಮಾಡುವವರ ಮನೆಯವರಿಗೆ ಸರದಿ ಇಲ್ಲ. ವಾಚ್‌ಮನ್ನನ ಭಾವಮೈದ ಬಂದರೂ ಹಿಂಬಾಗಿಲು, ಲೆಕ್ಕದವಳ ಚಿಕ್ಕಮ್ಮ ಬಂದರೂ ಹಿಂಬಾಗಿಲು. ಮುಂದಿನ ಬಾಗಿಲಲ್ಲಿ ಟೋಕನ್ ಹಿಡಿದು ಕೂತವರು ಕೂತೇ ಇರುತ್ತಿದ್ದರು. ಮಿಕ್ಕ ಎಲ್ಲದರಲ್ಲೂ ಮೂಗು ತೂರಿಸುವ ಮಾಲೀಕರು ಇದೊಂದನ್ನು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು.

ಸಿ.ಟಿ. ಯಂತ್ರ ನಡೆಸುವ ಟೆಕ್ನಿಷಿಯನ್ ಹೊರಗಿನವರ ಪಾಲಿಗೆ ಭಾರಿ ಕಟ್ಟುನಿಟ್ಟಿನ ಹೆಂಗಸು. ಲಿವರ್ ಸರಿಯಾಗಿ ನೋಡಬೇಕಾದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ, ಜನರ ಬಾಯಲ್ಲಿ ಡೈ, ಬಿಟ್ಟು ನೋಡಬೇಕು. ಅದಕ್ಕೆ ಹೊಟ್ಟೆ ಖಾಲಿ ಇರಬೇಕು, ಕಿಡ್ನಿ ಅದನ್ನು ತಡೆದುಕೊಳ್ಳುತ್ತದೆಂದು ರಕ್ತಪರೀಕ್ಷೆ ಹೇಳಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಅವಳು ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದಳು. ಆವತ್ತು ಬೆಳಿಗ್ಗೆ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಬಂದ ಮುದುಕರೊಬ್ಬರು, ಟೀ ಜೊತೆ ಎರಡು ಬನ್ನು ತಿಂದೆನೆಂದು ಒಪ್ಪಿಕೊಂಡರು.

"ನಾಳೆ ಖಾಲಿ ಹೊಟ್ಟೇಲಿ ಬನ್ನಿ ಅಜ್ಜ. ರಕ್ತದ ರಿಪೋರ್ಟೂ ತನ್ನಿ. ಇಲ್ಲಾಂದ್ರೆ ನಾಳೇನೂ ವಾಪಸ್ಸೇ" ಎಂದು ಗದರಿದಳು. ಮುದುಕರು ಅವಳಿಗೂ ಬನ್ನಿಗೂ ಸೇರಿಸಿ ಶಾಪ ಹಾಕುತ್ತ ಹೋದರು.

ಅವರ ಬೆನ್ನಿಗೇ ಹಿಂಬಾಗಿಲಿಂದ ಅವಳ ಅಣ್ಣ ಬಂದ. ಡ್ರೈವಿಂಗ್ ಸ್ಕೂಲ್ ನಡೆಸುವವನು. ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಗೆ ಕೇಳುವ ಗಂಟಲು. ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿದವನು ಅವನೇ, ಅವಳ ಮೇಲೆ ರೇಗುವ ಹಕ್ಕೂ ಅವನದೇ. ಹಿಂದೆಂದೋ ಬಂದ ಕಾಮಾಲೆ ಅವನ ಲಿವರನ್ನು ಗಟ್ಟಿಯಾಗಿಸಿಬಿಟ್ಟಿತ್ತು. ಈಗ ಅಲ್ಲೇನಾದರೂ ಗಡ್ಡೆ ಬೆಳೆಯುತ್ತಿದೆಯೇ ನೋಡಿಸಿ, ಕಾಂಟ್ರಾಸ್ಟ್ ಹಾಕಿಯೇ ನೋಡಿಸಿ ಎಂದು ಡಾಕ್ಟರು ಚೀಟಿ ಕೊಟ್ಟಿದ್ದರು.

"ಏ ಕಡ್ಡಿ, ಬೇಗ ಮುಗಿಸು. ಹೊರಗೆ ಕಾರಲ್ಲಿ ಕಲಿಯೋರು ಕಾಯ್ತಿದಾರೆ" ಎಂದ. ಚಿಕ್ಕಂದಿನಲ್ಲಿ ಸಣಕಲಿಯಾಗಿದ್ದವಳಿಗೆ ಅವನಿಟ್ಟ ಹೆಸರು ಅದು.

"ತಿಂಡಿ ತಿಂದ್ಯಾ?"

"ತಿನ್ನದೆ? ಹೊಟ್ಟೆ ಬಿರಿಯ ತಿಂದೆ."

"ರಕ್ತಪರೀಕ್ಷೆ?"

"ನೀನೊಳ್ಳೆ ಪೊಲೀಸಿನ ಹಾಗೆ ಕೇಳ್ತೀಯಲ್ಲ! ಒಡಹುಟ್ಟಿದವಳೇ ಒಳಗಿರುವಾಗ ನಾನು ಎರಡೆರಡು ಸಲ ಅಲೀಬೇಕಾ? ಆ ಡೈ ಗೀಯಿ ಏನೂ ಬೇಡ. ಹಾಗೇ ಒಂದು ಫೋಟೋ ತೆಗೆದುಬಿಡು."

ಶಿಷ್ಯರು ಕನ್ನಡಿ ನೋಡದೆ ಕಾರು ಹೊರಡಿಸಿದರೆ ಇಡೀ ಮೈದಾನಕ್ಕೆ ಕೇಳುವ ಹಾಗೆ ಬೈಯುವ ಮನುಷ್ಯ ಇವನು. ಅವಳು ಒಂದು ಸಲ ಬಾಯಿ ತೆರೆದಳು. ಅಣ್ಣನ ಹುಬ್ಬು ಗಂಟಾದದ್ದು ಕಂಡಿತು. ಅತ್ತಿಗೆಯ ಮುಂದೆ, ನೆಂಟರ ಮುಂದೆ, ಮುಂದಿನ ಎಷ್ಟೋ ದಿನ ಕೇಳಬೇಕಾದ ಕೊಂಕು ಮಾತೆಲ್ಲ ಒಂದೇ ಏಟಿಗೆ ಕಿವಿಗೆ ಬಿತ್ತು. ಬಾಯಿ ಮುಚ್ಚಿದಳು. ಕಾಂಟ್ರಾಸ್ಟ್ ಇಲ್ಲದೆಯೇ ಅವನನ್ನು ಯಂತ್ರದೊಳಗೆ ಕಳಿಸಿದಳು.

ತೆರೆಯ ಮೇಲೆ ಲಿವರ್ ಒಂದೇ ಬಣ್ಣದ ಬೂದು ಮುದ್ದೆಯಾಗಿ ಕಂಡಿತು. ಗಡ್ಡೆಯಿದ್ದರೂ ಆ ಬೂದಿನೊಳಗೆ ಬೂದಾಗಿ ಅಡಗಿರುತ್ತದೆಂದು ಅವಳಿಗೆ ಗೊತ್ತಿತ್ತು. ವರದಿ ಬರೆಯುವ ಡಾಕ್ಟರು ಏನೂ ಕಾಣುತ್ತಿಲ್ಲವೆಂದೂ, ಕಾಂಟ್ರಾಸ್ಟ್ ಹಾಕಿ ಮತ್ತೆ ನೋಡಲೇಬೇಕೆಂದೂ ಹೇಳಿದರು. ಅಣ್ಣನ ಕಿವಿಗೆ ಹೋದದ್ದು ಮೊದಲನೆಯ ಮಾತು ಮಾತ್ರ. ಸಂಜೆ ಸಿಹಿ ಪೊಟ್ಟಣ ಹಿಡಿದು ಅವಳ ಮನೆಗೇ ಬಂದ. "ನಮ್ಮ ಕಡ್ಡಿ ನೋಡಿ ಏನಿಲ್ಲ ಅಂದ್ಲು" ಎಂದು ಊರೆಲ್ಲ ಡಂಗುರ ಸಾರಿದ. "ಅಣ್ಣ, ಡೈ ಹಾಕಿ ಇನ್ನೊಂದು ಸಲ..." ಎಂದು ಅವಳು ಶುರು ಮಾಡಿದಾಗ, "ನೋಡೋಣ ಬಿಡು" ಎಂದು ಅವಳ ಬಾಯಿಗೇ ಸಿಹಿ ತುರುಕಿದ. ಅವಳು ನುಂಗಿದಳು. ಆ ಹೊಗಳಿಕೆ ಅವಳಿಗೂ ಹಿತವಾಗಿತ್ತು, ಸುಳ್ಳೇಕೆ.

ಎಂಟು ತಿಂಗಳಾದ ಮೇಲೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಈ ಸಲ ಅತ್ತಿಗೆ ಉಪವಾಸ ಕೆಡವಿ, ರಕ್ತಪರೀಕ್ಷೆ ಮಾಡಿಸಿ ಎಳೆದುಕೊಂಡು ಬಂದಳು. ಟೆಕ್ನಿಷಿಯನ್ ತಾನೇ ಅಣ್ಣನ ತೋಳಿಗೆ ಸೂಜಿ ಚುಚ್ಚಿದಳು. "ಮೈಯೆಲ್ಲ ಬಿಸಿಯಾಗುತ್ತೆ, ಹೆದರಬೇಡ" ಎಂದು ಹೇಳಿ ಗಾಜಿನ ಈಚೆಗೆ ಬಂದು ಕೂತಳು. "ಉಸಿರು ಹಿಡಿ ಅಣ್ಣ."

ಔಷಧಿ ಲಿವರಿಗೆ ಬಂದು ಮುಟ್ಟಿದ ಕ್ಷಣಕ್ಕೇ ಬಲಗಡೆ ಒಂದು ಗಡ್ಡೆ ಬೆಳ್ಳಗೆ ಹೊತ್ತಿಕೊಂಡಿತು. ಸ್ವಲ್ಪ ತಡೆದು ತೆಗೆದ ಚಿತ್ರದಲ್ಲಿ ಸುತ್ತಲಿನ ಲಿವರ್ ಬೆಳಗಿ, ಗಡ್ಡೆ ಕಪ್ಪಿಟ್ಟಿತು. ಮೊದಲು ಬಿಳಿ, ಆಮೇಲೆ ಕಪ್ಪು. ಗಟ್ಟಿಯಾದ ಲಿವರಿನಲ್ಲಿ ಅದರ ಅರ್ಥ ಒಂದೇ: ಕ್ಯಾನ್ಸರ್. ಗಡ್ಡೆಯ ಒಂದು ನಾಲಗೆ ದೊಡ್ಡ ರಕ್ತನಾಳದೊಳಕ್ಕೂ ಚಾಚಿತ್ತು. ಅವಳ ಕೈ ಮೈಕಿನ ಗುಂಡಿಯ ಮೇಲೆಯೇ ಉಳಿಯಿತು.

"ಉಸಿರು ಬಿಡಬಹುದಾ ಇಲ್ವಾ, ಮಾರಾಯ್ತಿ?" ಎಂದು ಅಣ್ಣ ಒಳಗಿಂದ ಕೂಗಿದ.

ಲಿವರ್ ತಜ್ಞರ ಕೋಣೆಗೆ ಮೂವರೂ ಹೋದರು. ತಜ್ಞರು ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಕತ್ತರಿಸಿ ತೆಗೆಯೋ ಹಂತ ದಾಟಿದೆ. ಮಾತ್ರೆಯಲ್ಲಿ ಎಷ್ಟು ದಿನ ತಡೆಯೋಕಾಗುತ್ತೋ ನೋಡೋಣ" ಎಂದರು. ಆಮೇಲೆ ಹಳೆಯ ಚಿತ್ರ ತೋರಿಸಿ, "ಇಂಥ ಲಿವರಿಗೆ ಕಾಂಟ್ರಾಸ್ಟ್ ಇಲ್ಲದೆ ಸ್ಕ್ಯಾನ್ ಮಾಡಿದ ಪುಣ್ಯಾತ್ಮರು ಯಾರು? ಆಗಲೇ ಸಿಕ್ಕಿದ್ದರೆ ತೆಗೆದುಬಿಡಬಹುದಿತ್ತೇನೋ" ಎಂದರು.

"ನನ್ನ ತಂಗೀನೇ ಮಾಡಿದ್ದು ಸರ್, ಅವಳು ಇದರಲ್ಲಿ ಪಂಟರು" ಎಂದು ಅಣ್ಣ ಅಭ್ಯಾಸಬಲದಿಂದ ಎದೆಯುಬ್ಬಿಸಿ ಹೇಳಿಬಿಟ್ಟ. ಹೇಳಿದ ಮೇಲೆ ಅವನಿಗೆ ಪ್ರಶ್ನೆ ಅರ್ಥವಾಯಿತು. ತಜ್ಞರು ಕನ್ನಡಕ ಒರೆಸತೊಡಗಿದರು. ಅತ್ತಿಗೆ ಕುರ್ಚಿಯನ್ನು ನಾದಿನಿಯಿಂದ ಸ್ವಲ್ಪ ಆಚೆ ಸರಿಸಿಕೊಂಡಳು.

ಕಾರಿಡಾರಿನಲ್ಲಿ ಅವನು ಗೋಡೆಗೊರಗಿ ನಿಂತು ಕೇಳಿದ, "ಆವತ್ತು ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ರೆ ಏನು ಮಾಡ್ತಿದ್ದೆ?"

"ವಾಪಸ್ ಕಳಿಸ್ತಿದ್ದೆ."

"ಮತ್ತೆ ನನ್ನ ಯಾಕೆ ಕಳಿಸಲಿಲ್ಲ?"

"ನೀನು ಬೈತೀಯ ಅಂತ."

ಅವನು ಬೈಯಲಿಲ್ಲ. ಒಂದೇ ಒಂದು ಸಲ ಬೈದಿದ್ದರೆ ಅವಳು ಅವನ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದಳು. ಆ ಗಂಟಲಿಗೆ ಅವತ್ತು ಏನಾಗಿತ್ತೋ, "ನಡಿ, ತಡವಾಯ್ತು" ಎಂದಷ್ಟೇ ಹೇಳಿ ಮುಂದೆ ನಡೆದ.

ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೆ ಸ್ಕ್ಯಾನಿಗೆ ಬರಬೇಕಿತ್ತು. ಅವಳು ಬೆಳಿಗ್ಗೆಯಿಂದ ಹಿಂಬಾಗಿಲು ತೆರೆದಿಟ್ಟು ಕಾದಳು. ಯಾರೂ ಬರಲಿಲ್ಲ. ಕೊನೆಗೆ ಮುಂದಿನ ಬಾಗಿಲಿಂದ ಇಣುಕಿದರೆ, ಟೋಕನ್ ಹಿಡಿದವರ ನಡುವೆ ಅಣ್ಣ ಕೂತಿದ್ದ. ಅಂಗಿಯೊಳಗೆ ಅವನು ಅರ್ಧವೂ ಉಳಿದಿರಲಿಲ್ಲ. ಪಕ್ಕದಲ್ಲಿ ಕೊಡೆ ಅಜ್ಜ, ಕೆನ್ನೆ ತುಂಬಿಕೊಂಡು, ಅವನ ಮಂಡಿ ತಟ್ಟುತ್ತ ಮಾತಿಗಿಳಿದಿದ್ದರು.

"ಬನ್ನು ತಿಂದು ಬಂದಿದ್ದಕ್ಕೆ ಆ ಮೇಡಂ ನನ್ನ ಓಡಿಸಿಬಿಟ್ರು ನೋಡಿ. ನಾನೂ ಹಿಡಿಶಾಪ ಹಾಕಿದ್ದೆ. ಮಾರನೇ ದಿನ ಡೈ ಹಾಕಿ ನೋಡಿದ್ರು, ಲಿವರಲ್ಲಿ ಕಡಲೆಕಾಳಷ್ಟು ಗಡ್ಡೆ. ತೆಗೆದು ಬಿಸಾಕಿದ್ರು. ಇವತ್ತು ಸುಮ್ನೆ ತೋರಿಸ್ಕೊಂಡು ಹೋಗೋಕೆ ಬಂದೆ. ಆಯಮ್ಮನ ಬಾಯಿ ಜೋರು, ಆದರೆ ನಿಮಗೂ ಒಳ್ಳೇದಾಗುತ್ತೆ ಬಿಡಿ."

ಅಣ್ಣ ತಲೆಯಾಡಿಸುತ್ತ ಕೇಳುತ್ತಿದ್ದ.

"ಅಣ್ಣಾ" ಎಂದಳು ಅವಳು. "ಇಲ್ಲಿ ಯಾಕೆ ಕೂತೆ? ಒಳಗೆ ಬಾ."

ಅವನು ಟೋಕನನ್ನು ಎತ್ತಿ ತೋರಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಆ ಗಂಟಲಿನಿಂದ ಅಷ್ಟು ಮೆಲ್ಲನೆಯ ಮಾತು ಅವಳು ಎಂದೂ ಕೇಳಿರಲಿಲ್ಲ.

"ಸರದಿ ಬರಲಿ, ಮೇಡಂ" ಎಂದ.