ತಂದೆಯ ಹೆಸರು: ಖಾಲಿ ಬಿಡುವಂತಿಲ್ಲ

“ಅಪ್ಪ ಯಾರಂತ ಗೊತ್ತಿಲ್ಲದ ಸೂಳೆಮಗಗ ಮಸ್ಕತ್ ಬೇಕಾಗೇತಂತ, ಮಸ್ಕತ್!”

ಗುಮಾಸ್ತ ಇದನ್ನು ನನಗೆ ಹೇಳಲಿಲ್ಲ, ಇಡೀ ಕಚೇರಿಗೆ ಹೇಳಿದ. ಕಡತ ಹೊಲಿಯುತ್ತಿದ್ದ ಜವಾನ ದಬ್ಬಳ ಬಿಟ್ಟು ನಕ್ಕ. ಸಾಹೇಬರು ಮೀಸೆಯೊಳಗೆ ನಕ್ಕರು. ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಮ್ಮೂರ ಗೌಡ ದೊಡ್ಡಬಸಪ್ಪನಂತೂ ಹೊಟ್ಟೆ ಕುಣಿಸಿ ನಕ್ಕ. ಹೊಸ್ತಿಲಿನಾಚೆ ನಿಂತಿದ್ದ ನಾನು, ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಸ್ವಲ್ಪ ನಕ್ಕೆ. ಆ ನಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದು ಯಾವ ಕಚೇರಿ ಎಂದು ಹೇಳುವುದಿಲ್ಲ. ಸಿರುಗುಪ್ಪದಲ್ಲಿ ಕಚೇರಿಗಳಿಗೇನು ಬರವೇ?

೧೯೭೮ರ ಮಾತು. ನಾನು ಓಬಳೇಶ, ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುವವನು. ಹುಟ್ಟಿದ್ದು ಕೆಂಚನಗುಡ್ಡದಾಚೆ ಹೊಳೆದಂಡೆಯ ಊರಿನ ಕೇರಿಯಲ್ಲಿ. ಮಸ್ಕತ್ತಿನಲ್ಲಿ ಯಾವನೋ ಶೇಖನಿಗೆ ಕಲ್ಲಿನ ಗೋಡೆಯ ಹುಚ್ಚು ಹಿಡಿದಿತ್ತಂತೆ. ಹನ್ನೆರಡು ಜನ ಕಲ್ಲಿನ ಕೆಲಸದವರು ಬೇಕೆಂದು ಬಳ್ಳಾರಿಯ ಏಜೆಂಟ್ ಎರ್ರೆಪ್ಪನಿಗೆ ಹೇಳಿ ಕಳಿಸಿದ್ದ. ಹನ್ನೆರಡನೆಯ ಹೆಸರು ನನ್ನದು.

ಎರಡು ವರ್ಷ ಕುವೈತಿನಲ್ಲಿದ್ದು ಬಂದ ಎರ್ರೆಪ್ಪ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಪಾರ್ವತಿನಗರದ ಅವನ ವರಾಂಡದಲ್ಲಿ ಭಾನುವಾರ ನಮಗೆಲ್ಲ ಪಾಠ.

“ಮೊದಲು ಪಾಸ್‌ಪೋರ್ಟು. ಅದರ ಮ್ಯಾಲ ವೀಸಾ ಹೊಡೀತಾರ. ಅದಿಲ್ದ ಇದಿಲ್ಲ. ಇಳಿದ ಕೂಡ್ಲೇ ಕಸ್ಟಮ್ಸಿನೋರು ನಿಮ್ಮ ಗಂಟು ಬಿಚ್ಚಿಸಿ ನೋಡ್ತಾರ. ಸೆರಿ ಬಾಟ್ಲಿ ಸಿಕ್ರ ಜೈಲು. ಗಸಗಸಿ ಸಿಕ್ರೂ ಜೈಲು. ಜಾಗ್ರತ್ತ!”

“ಗಸಗಸಿ ಏನ್ ಮಾಡೇತ್ರಿ ಅವರಿಗೆ?” ಎಂದೆ.

“ಅಫೀಮಿನ ಗಿಡದ ಬೀಜಲೇ ಅದು. ಪಾಯಸದ ಆಸಿ ಇದ್ರ ಇಲ್ಲೇ ಕುಡದು ಬಾ.”

ಹಿಡಿ ಗಸಗಸೆಗೆ ಒಂದು ದೇಶವೇ ಹೆದರುತ್ತದೆಂದರೆ ನನಗೆ ಬಹಳ ಖುಷಿಯಾಯಿತು. ಅದಕ್ಕಿಂತ ಖುಷಿಯಾದದ್ದು ಸರಕಾರದವರೇ ಕೈಯಾರೆ ನಮ್ಮ ಗಂಟು ಬಿಚ್ಚುತ್ತಾರೆಂಬುದು. ನಮ್ಮೂರಿನಲ್ಲಿ ಯಾರೂ ಬಿಚ್ಚುವುದಿಲ್ಲ. ಮುಟ್ಟಿದರೆ ಮೈಲಿಗೆ.

“ಅಲ್ಲಿ ಜಾತಿ ಕೇಳ್ತಾರೇನ್ರಿ?”

“ಯಾವ ಬೋಳಿಮಗನೂ ಕೇಳಂಗಿಲ್ಲ. ಕಾಗದ ಕೇಳ್ತಾರ. ಕಾಗದ ಸರಿ ಇದ್ರ ನೀನೂ ಸರಿ.”

ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಸಂಬಳವೂ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬರೀ ಕಾಗದ ನೋಡಿ ಮನುಷ್ಯನನ್ನು ಒಳಗೆ ಬಿಡುವ ಊರೊಂದಿದೆ ಎಂದರೆ ನಾನು ನಡೆದಾದರೂ ಹೋಗುತ್ತಿದ್ದೆ.

ಫೋಟೋ ಹೊಡೆಸಿದೆವು. ಸ್ಟುಡಿಯೋದವನಲ್ಲಿದ್ದದ್ದು ಒಂದೇ ಕೋಟು, ಹನ್ನೆರಡು ಜನರೂ ಅದನ್ನೇ ತೊಟ್ಟೆವು. ಫೋಟೋಗಳನ್ನು ಸಾಲಾಗಿ ಇಟ್ಟರೆ ಒಂದು ಕೋಟಿಗೆ ಹನ್ನೆರಡು ತಲೆ ಹಚ್ಚಿದ ಹಾಗಿತ್ತು. ಎರ್ರೆಪ್ಪ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ತುಂಬುತ್ತ ನನ್ನನ್ನು ಕೇಳಿದ: “ತಂದಿ ಹೆಸರು?”

“ಬಿಟ್ರ ನಡಿಯಾಂಗಿಲ್ಲೇನ್ರಿ?”

“ಅದೊಂದು ಖಾಲಿ ಬಿಡಂಗಿಲ್ಲ.”

ನನ್ನವ್ವ ಹೊನ್ನೂರಮ್ಮ ಬಸವಿ. ಗಂಡು ಹುಟ್ಟದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟು, ಅಂದಿನಿಂದ ಅವಳನ್ನೇ ಮಗನೆಂದು ಕರೆಯುತ್ತಾರೆ. ಅವಳಿಗೆ ಮದುವೆಯಿಲ್ಲ. ಅವಳ ಮಕ್ಕಳು ಅವಳ ಅಪ್ಪನ ಮನೆಗೇ ಮಕ್ಕಳು. ಹಾಗಾಗಿ ನನ್ನನ್ನು ಶಾಲೆಗೆ ಸೇರಿಸುವಾಗ ಅವ್ವ, ನಮ್ಮ ಕೇರಿಯ ಎಲ್ಲ ಬಸವಿಯರಂತೆ, ತನ್ನಪ್ಪ ಮೈಲಾರಪ್ಪನ ಹೆಸರು ಬರೆಸಿದ್ದಳು. ನಾನೂ ಎರ್ರೆಪ್ಪನಿಗೆ ಅದನ್ನೇ ಹೇಳಿದೆ. ಅದರಲ್ಲಿ ತಪ್ಪಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಉಳಿದದ್ದು ಒಂದೇ ರುಜು. ‘ಈ ಮನುಷ್ಯನನ್ನು ನಾನು ಬಲ್ಲೆ’ ಎಂದು ಒಬ್ಬ ದೊಡ್ಡ ಅಧಿಕಾರಿ ಬರೆದುಕೊಡಬೇಕು. ನನ್ನನ್ನು ಬಲ್ಲ ಅಧಿಕಾರಿ ಎಲ್ಲಿಂದ ಬರಬೇಕು? ಸಾಹೇಬರು ಗೌಡನನ್ನು ಬಲ್ಲರು, ಗೌಡ ನನ್ನನ್ನು ಬಲ್ಲ. ಸೋಮವಾರ ಗೌಡನಿಗೆ ಕೈಮುಗಿದು ಕರೆತಂದೆ. ಅವ್ವನೂ ಜೊತೆಗೆ ಬಂದು ಅಂಗಳದ ಬೇವಿನ ಮರದಡಿ ಕೂತಳು. ಅಂದೇ ಸಂಜೆ ಎರ್ರೆಪ್ಪ ಅರ್ಜಿಗಳನ್ನೆಲ್ಲ ಹಿಡಿದು ಬಳ್ಳಾರಿಯಿಂದ ಬೆಂಗಳೂರಿನ ಬಸ್ಸು ಹತ್ತುವವನಿದ್ದ.

ಗುಮಾಸ್ತ ಅರ್ಜಿಯನ್ನು ಗಟ್ಟಿಯಾಗಿ ಓದಿದ. ಗೌಡನ ಕಿವಿ ನೆಟ್ಟಗಾಯಿತು.

“ಏನಂದಿ? ಮೈಲಾರ್ಯಾ? ಲೇ ಓಬ್ಯಾ, ಮೈಲಾರ್ಯಾ ನಿಮ್ಮವ್ವನ ಅಪ್ಪ. ನಿನಗೂ ಅವನೇ ಅಪ್ಪ ಆದ್ರ ನಿಮ್ಮವ್ವ ಅವಗ ಏನಾದ್ಲಲೇ?”

ಆಮೇಲೆಯೇ ಗುಮಾಸ್ತ ಸೂಳೆಮಗ, ಮಸ್ಕತ್ ಎಂದೆಲ್ಲ ಅಂದದ್ದು, ಎಲ್ಲರೂ ನಕ್ಕದ್ದು. ನಗೆ ಮುಗಿಸಿ ಅವನು ಕೆಂಪು ಮಸಿಯಲ್ಲಿ ಮೈಲಾರಪ್ಪನನ್ನು ಹೊಡೆದುಹಾಕಿದ.

“ತಪ್ಪು ಮಾಹಿತಿ ಕೊಟ್ರ ಜೈಲು ಐತಿ, ಗೊತ್ತೈತೇನು?”

ಗೌಡನಿಗೆ ಆವತ್ತು ದಾನದ ಮನಸ್ಸು ಬಂದಿತ್ತು. “ಹೋಗ್ಲಿ ಬಿಡ್ರಿ ಸಾಹೇಬ್ರ. ಎಳೇ ಹುಡುಗ. ನಮ್ಮ ಜೀತದಾಳು ಗಾಳೆಪ್ಪನ ಹೆಸರು ಬರಕೊಳ್ರಿ. ಅವಗ ಹೆಂಡ್ತಿಲ್ಲ, ಮಕ್ಕಳಿಲ್ಲ, ಕೇಳಾಕ ಬಾಯೂ ಇಲ್ಲ. ಒಂದು ಮಗ ಬಂದ್ರ ಖುಷಿ ಪಡ್ತಾನ.”

ಗಾಳೆಪ್ಪ ಗೌಡನ ಕೊಡೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ಐವತ್ತರ ಮೇಲಿನ ಆ ಮನುಷ್ಯ ನನ್ನ ಮುಖ ನೋಡದೆ ತಲೆ ತಗ್ಗಿಸಿದ. ಕೊಡೆಯನ್ನು ಕೊಟ್ಟ ಹಾಗೆ ಅವನನ್ನೂ ಕೊಟ್ಟುಬಿಟ್ಟಿದ್ದರು.

“ಬರೀಲೇನಲೇ?” ಎಂದ ಗುಮಾಸ್ತ.

“ಬರೀರಿ,” ಎಂದೆ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾಯಿಯ ಹೆಸರು ಬರೆಯಿರೆಂದು ಹೇಳಲೂ ನಾನು ತಯಾರಿದ್ದೆ.

“ಪೆನ್ನು ಇಡ್ರಿ ಕೆಳಗ.”

ಅವ್ವ ಯಾವಾಗ ಎದ್ದು ಬಂದಳೋ. ನನ್ನನ್ನು ದಾಟಿ, ಹೊಸ್ತಿಲು ದಾಟಿ, ಸೀದಾ ಸಾಹೇಬರ ಮೇಜಿನ ಮುಂದೆ ನಿಂತಳು.

“ಏ, ಹೊರಗ ನಿಂತು ಮಾತಾಡು,” ಎಂದ ಜವಾನ.

ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. “ಗೌಡ್ರ, ನನ್ನ ಬಸವಿ ಬಿಟ್ಟ ದಿನ ನೀವೂ ಇದ್ರಿ. ನಿಮ್ಮಪ್ಪ ಕಟ್ಟಿ ಮ್ಯಾಲ ಕುಂತು ಏನಂದ್ರು? ‘ಇವತ್ತಿಂದ ಇಕಿ ಮೈಲಾರ್ಯಾನ ಮಗ’ ಅಂದ್ರು. ಕಾಯಿ, ಎಲಿ ಅಡಕಿ ಮೊದಲು ಬಂದಿದ್ದು ನಿಮ್ಮ ಮನಿಗೆ.”

“ಅದೆಲ್ಲ ಇಲ್ಲ್ಯಾಕಬೇ?”

“ನಮ್ಮಪ್ಪ ಸತ್ತಾಗ ಮುಂದ ನಿಂತು ಮಣ್ಣು ಹಾಕಿದಾಕಿ ನಾನು. ನಿಮ್ಮನ್ಯಾಗ ಎತ್ತು ಸತ್ರ ‘ಮೈಲಾರ್ಯಾನ ಮನಿ ಗಂಡಸು ಬರ್ಲಿ’ ಅಂತ ಕೂಗಸ್ತಿದ್ರಿ. ಹೊತ್ತಾಕಿ ನಾನು. ಬಿಟ್ಟಿ ಚಾಕರಿಗೆ ಗಂಡಸು, ಹೆಣ ಹೊರಾಕ ಗಂಡಸು. ಕಾಗದದಾಗ ಬರಿಯೋ ಹೊತ್ತಿಗೆ ಹೆಂಗಸಾದ್ನೇನ್ರಿ?”

“ಬಸವಿ ಗಿಸವಿ ಕಾನೂನಿನಾಗಿಲ್ಲ,” ಎಂದ ಗುಮಾಸ್ತ. “ಇವನ ಹುಟ್ಟಿಸಿದಾಂವ ಯಾರು, ಅದನ್ನ ಬೊಗಳು.”

“ನನ್ನ ಯಾಕ ಕೇಳ್ತೀರಿ? ರಾತ್ರಿ ನಮ್ಮನಿ ಬಾಗಿಲಿಗೆ ಬಂದೋರ್ನ ಕೇಳ್ರಿ. ದೂರೇನಿಲ್ಲ, ಇಲ್ಲೇ ಕುಂತಿದ್ರೂ ಕುಂತಿರಬೌದು.”

ಗೌಡನಿಗೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಾಣಿಸಿತು. ಅತ್ತಲೇ ನೋಡತೊಡಗಿದ. ಈ ಸಲ ಯಾರೂ ನಗಲಿಲ್ಲ.

“ನನ್ನ ಹೆಸರು ಬರೀರಿ,” ಎಂದಳು ಅವ್ವ.

ಸಾಹೇಬರು ಮೊದಲ ಸಲ ಬಾಯಿ ತೆರೆದರು. “ನೋಡಮ್ಮಾ, ಆ ಜಾಗದಲ್ಲಿ ಹೆಂಗಸಿನ ಹೆಸರು ಬರೆದರೆ ಬೆಂಗಳೂರಿನಲ್ಲಿ ಅರ್ಜಿ ಹರಿದು ಎಸೀತಾರೆ. ನಿನ್ನ ಮಗನೇ ಹಾಳಾಗೋದು.”

ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಇಳಿದು ಅವಳ ಮುಖದಲ್ಲಿ ಭಯ ಕಾಣಿಸಿತು.

“ಓಬಳಾ, ಸಾಹೇಬ್ರು ಹೇಳಾದು ಖರೆ ಇರಬೌದು. ಹರದ್ರ ನಿನ್ನ ಮಸ್ಕತ್ತು ಹೋಗ್ತೈತಿ. ನೀನಾ ಹೇಳು. ಗಾಳೆಪ್ಪನ ಹೆಸರು ಬರಸ್ಲೇನು?”

ಒಳಗೆ ಹೋದೆ. ಗುಮಾಸ್ತನ ಕೈಯಿಂದ ಪೆನ್ನು ಕಿತ್ತುಕೊಂಡು, ಕೆಂಪು ಗೀಟಿನ ಮೇಲೆ ‘ಹೊನ್ನೂರಮ್ಮ’ ಎಂದು ಬರೆದೆ. ಇಂಗ್ಲಿಷ್ ಬಾರದು, ಕನ್ನಡದಲ್ಲೇ ದಪ್ಪಗೆ ಬರೆದೆ. ಅವ್ವ ಮೇಜಿನ ಮೇಲಿನ ಮಸಿಪ್ಯಾಡಿಗೆ ಹೆಬ್ಬೆರಳು ಒತ್ತಿ, ಹೆಸರಿನ ಪಕ್ಕದಲ್ಲಿ ಊರಿದಳು.

“ರುಜು ಮಾಡ್ರೀ ಸಾಹೇಬ್ರ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಅವ್ವ ನೆಲಕ್ಕೆ ಕೂತಳು, ಪಕ್ಕದಲ್ಲಿ ನಾನೂ ಕೂತೆ. ಗೌಡ ಎದ್ದು, “ಲೇ ಗಾಳ್ಯಾ, ಕೊಡಿ ತಾರಲೇ, ಹೋಗಾನ,” ಎಂದ. ಗಾಳೆಪ್ಪ ಕೊಡೆಯನ್ನು ಬಾಗಿಲಿಗೆ ಒರಗಿಸಿಟ್ಟು ಒಳಗೆ ಬಂದು ನಮ್ಮ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ಗೌಡ ಬಾಯಿಗೆ ಬಂದದ್ದೆಲ್ಲ ಬೈದು, ಬಿಸಿಲಿನಲ್ಲಿ ಒಬ್ಬನೇ ಹೋದ.

ಗಡಿಯಾರ ಐದು ಹೊಡೆಯಿತು. ಎರ್ರೆಪ್ಪ ಹನ್ನೊಂದು ಅರ್ಜಿ ಹಿಡಿದು ಬಸ್ಸು ಹತ್ತಿರಬೇಕು. ನನಗೆ ಅಳು ಬಂತು, ಅತ್ತುಬಿಟ್ಟೆ. ಸಾಹೇಬರು, ಗುಮಾಸ್ತ ನಮ್ಮನ್ನು ಬಳಸಿಕೊಂಡು ಹೊರಗೆ ಹೋದರು. ಅರ್ಜಿ ಮೇಜಿನ ಮೇಲೆಯೇ ಇತ್ತು.

ಜವಾನ ಬೀಗ ಹಿಡಿದು ಬಂದ. “ಏಳ್ರಿ ಸಾಕು, ಬಾಗಿಲು ಹಾಕ್ತೀನಿ.”

“ಹಾಕ್ಕೊಳ್ಳಪ್ಪಾ,” ಎಂದಳು ಅವ್ವ. “ನಾವು ಒಳಗ ಅದೀವಿ.”