ಬೀರಣ್ಣನ ಗುಂಡಿಗೆ

"ತಲೆ ಕಡೆ ಸ್ವಲ್ಪ ಎತ್ರೋ! ಎಡಕ್ಕೆ, ಎಡಕ್ಕೆ!"

ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಮನೆ ಸಾಮಾನು ಸಾಗಿಸುವವರು, ಸತ್ತವನ ಜೊತೆ ವರ್ಷಗಟ್ಟಲೆ ಬೀರು, ಮಂಚ ಹೊತ್ತವರು. ಅವನಿಗೆ ಬೀರಣ್ಣ ಎಂದು ಹೆಸರಿಟ್ಟವರೂ ಅವರೇ. ಅವನಿದ್ದಿದ್ದರೆ ನಾಲ್ಕು ಬೈದು ಎಂಥದ್ದನ್ನೂ ಇಳಿಸಿಬಿಡುತ್ತಿದ್ದ.

ಹಿಂದೆ ನಿಂತ ಅವನ ಅಕ್ಕ ಕಣ್ಣೊರೆಸಿಕೊಂಡಳು. "ಭಾರ ಎತ್ತಬೇಡ ಕಣೋ ಅಂತ ಬಡ್ಕೊಂಡೆ. ಹುಟ್ಟಿದಾಗಿಂದ ಹಾರ್ಟ್ ವೀಕು. ಕೊನೆಗೆ ಅದೇ ತಗೊಂಡು ಹೋಯ್ತು."

ಬಂದವರೆಲ್ಲ ಪಾಪ, ಪಾಪ ಎಂದು ತಲೆಯಾಡಿಸಿದರು.

ಹೆಂಡತಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಇದೇ ರಾಗ. ಗಂಡ ಹೋದ ದುಃಖವೇ ಬೆಟ್ಟದಷ್ಟಿದೆ, ಅದರ ಮೇಲೆ ಅವನ ಗುಂಡಿಗೆಗೆ ಅಪವಾದ ಬೇರೆ. ಈ ಸುಳ್ಳಿನ ಜೊತೆ ಅವನನ್ನು ಮಣ್ಣು ಮಾಡಲು ಅವಳು ಬಿಡುವವಳಲ್ಲ.

*

ಮದುವೆಗೆ ಮುಂಚೆ ಎಚ್ಚರಿಸಲು ಬಂದವಳೂ ಈ ಅಕ್ಕನೇ. ಹೃದಯದಿಂದ ಹೊರಟು ಕಮಾನಿನಂತೆ ಬಾಗುವ ದೊಡ್ಡ ರಕ್ತನಾಳ ಅವನಿಗೆ ಹುಟ್ಟುವಾಗಲೇ ಇರುಕಾಗಿತ್ತಂತೆ. ಹಸುಗೂಸಿನ ಪಕ್ಕೆ ಸೀಳಿ, ಎಡಗೈಗೆ ಹೋಗುವ ನಾಳವನ್ನೇ ಕತ್ತರಿಸಿ ಬಿಡಿಸಿ, ಇರುಕಾದ ಜಾಗಕ್ಕೆ ತೇಪೆಯಾಗಿ ಹೊಲಿದಿದ್ದರಂತೆ. "ಎಷ್ಟು ದಿನ ಬಾಳ್ತಾನೋ ಏನೋ. ಯೋಚನೆ ಮಾಡಮ್ಮ."

ಅವಳು ಅವನನ್ನೇ ಕೇಳಿದಳು. ಅವನು ನಗುತ್ತ ಎಡಗೈ ಚಾಚಿದ. "ಹಿಡಿದು ನೋಡು, ನಾಡಿ ಸಿಗಲ್ಲ. ಹೊಸ ಡಾಕ್ಟರು ಬಂದ್ರೆ ಇದೇ ಕೈ ಕೊಡೋದು ನಾನು. ಪಾಪ, ಬೆವರಿಬಿಡ್ತಾರೆ. ಸತ್ತೋನ್ನ ಕಟ್ಕೋತೀಯಾ?"

"ಬಲಗೈ ಕೊಡಿ," ಎಂದಳು. ಅಲ್ಲಿ ನಾಡಿ ಜೋರಾಗಿ ಹೊಡೆಯುತ್ತಿತ್ತು. "ನಂಗಿಷ್ಟು ಸಾಕು."

*

"ಹಾರ್ಟ್ ಅಲ್ಲ ಅತ್ತಿಗೆ," ಮೆಟ್ಟಿಲೆಲ್ಲ ಕೇಳುವಂತೆ ಅವಳು ಹೇಳಿದಳು. "ನ್ಯುಮೋನಿಯಾ. ಶ್ವಾಸಕೋಶ ಕೈಕೊಡ್ತು, ಕಿಡ್ನಿ ಕೈಕೊಡ್ತು. ಹಾರ್ಟ್ ಮಾತ್ರ ಕೊನೇವರೆಗೂ ಜಪ್ಪಯ್ಯ ಅಂದ್ರೂ ನಿಲ್ಲಲಿಲ್ಲ. ಇದು ಯಾರು ಹಾಕಿದ ಹೊಲಿಗೆ ಅಂತ ಡಾಕ್ಟರೇ ಬೆರಗಾಗಿ ಕೇಳಿದ್ರು."

"ಇವತ್ತೂ ವಾದಾನಾ ನಿಂದು?"

"ಹೂಂ, ಇವತ್ತೇ. ಮೂವತ್ತು ವರ್ಷ ಅದರ ಸದ್ದು ಕೇಳ್ಕೊಂಡು ಮಲಗಿದೋಳು ನಾನು. ಅದರ ಹೆಸರು ಕೆಡಿಸಬೇಡಿ."

ಪೆಟ್ಟಿಗೆಯ ಕೆಳತುದಿ ಹೊತ್ತಿದ್ದ ಮೇಸ್ತ್ರಿ ಕೂಗಿದ, "ಇದು ತಿರುಗಲ್ಲಮ್ಮ. ಮೆಟ್ಟಿಲ ಕಂಬಿ ಮೇಲಿಂದ ಎತ್ತಿ ದಾಟಿಸ್ಬೇಕು. ಇನ್ನೊಬ್ರು ಬನ್ನಿ!"

ಯಾರಾದರೂ ಮುಂದೆ ಬರುವ ಮೊದಲೇ ಹೆಂಡತಿ ಸಂದಿಯಲ್ಲಿ ನುಗ್ಗಿ ಹೆಗಲು ಕೊಟ್ಟಳು.

"ಅಯ್ಯೋ, ನೀನ್ಯಾಕೇ! ಭಾರ ಕಣೇ!" ಅಕ್ಕ ಚೀರಿದಳು.

"ಎತ್ರೋ!" ಎಂದಳು ಹೆಂಡತಿ.

ಪೆಟ್ಟಿಗೆ ಕಂಬಿಗಿಂತ ಮೇಲೆ, ಎಲ್ಲರ ತಲೆಗಿಂತ ಮೇಲೆ ಏರಿತು. ಅದರ ಇನ್ನೊಂದು ಬದಿಯಲ್ಲಿ "ಬೇಡ, ಭಾರ, ಬೇಡ" ಎಂದು ಬೈಯುತ್ತಲೇ ಅಕ್ಕ ತನ್ನ ಎರಡೂ ಕೈ ಕೆಳಗೆ ಕೊಟ್ಟು, ತುದಿಗಾಲಲ್ಲಿ ನಿಂತು ಎತ್ತುತ್ತಿದ್ದಳು.