ತರ್ಜುಮೆಯಲ್ಲಿ ಬಿಟ್ಟ ಸಾಲು

ಡಿಗ್ರಿ ಮುಗಿಸಿದ ಹುಡುಗರು ನನ್ನ ಹತ್ತಿರ ಬರುತ್ತಾರೆ. "ಕಾಕಾ, ನೌಕರಿ ಹ್ಯಾಂಗ ಹಿಡೀಬೇಕ್ರಿ?" ಎಂದು ಕೇಳುತ್ತಾರೆ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಸವೆಸಿದವನು ಎಂದು ಭಾಲ್ಕಿಯಲ್ಲಿ ನನಗೆ ಹೆಸರಿದೆ. ನಾನೂ ದೊಡ್ಡಸ್ತಿಕೆಯಿಂದ ಹೇಳುತ್ತೇನೆ: ಅರ್ಜಿಯನ್ನು ಚೊಕ್ಕ ಅಕ್ಷರದಲ್ಲಿ ಬರೆಯಿರಿ, ಹಾಳೆಯ ಅಂಚಿಗೆ ಜಾಗ ಬಿಡಿ, ಕೂಡು ಎನ್ನುವ ತನಕ ಕೂಡಬೇಡಿ, ಕೇಳಿದಷ್ಟಕ್ಕೇ ಉತ್ತರ ಕೊಡಿ. ಇದರಲ್ಲಿ ಒಂದು ಮಾತೂ ನನ್ನದಲ್ಲ. ಎಲ್ಲವೂ ಬೀದರಿನ ಮುಜೀಬೋದ್ದೀನ ಮಾಸ್ತರದು. ಅವರ ಹೆಸರನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಬೇಕಾದ ದಿನ ಹೇಳದವನಿಗೆ ಈಗ ಹೇಳುವ ನಾಲಿಗೆ ಎಲ್ಲಿಂದ ಬರಬೇಕು?

ನಮ್ಮದು ಔರಾದ ತಾಲ್ಲೂಕಿನ ಡಾಬಕಾ. ಅಪ್ಪ ಧೊಂಡಿಬಾ ಕುರಿ ಕಾಯುವವನು. ನಿಜಾಮರ ಕಾಲ; ಸಾಲಿ ಎಂದರೆ ಉರ್ದು, ಕಚೇರಿ ಎಂದರೆ ಉರ್ದು. ಹೈಸ್ಕೂಲಿಗೆ ಬೀದರಿಗೆ ಬಂದಾಗ ನನಗೆ ಮಲಗಲು ಜಾಗವಿರಲಿಲ್ಲ. ಮುಜೀಬೋದ್ದೀನ ಮಾಸ್ತರು ತಮ್ಮ ಮನೆಯ ಪಡಸಾಲೆ ತೋರಿಸಿದರು. ಅಪ್ಪ ಒಪ್ಪಿದ, ಆದರೆ ಒಂದು ಕರಾರು ಹಾಕಿದ.

"ಅಲ್ಲೇ ಇರು, ಓದು. ಅವರ ಮನ್ಯಾಗ ಮಾತ್ರ ಉಣಬ್ಯಾಡ. ಜ್ವಾಳದ ಹಿಟ್ಟು ನಾ ಕಳಸ್ತೇನಿ."

ಮಾಸ್ತರ ಹೆಂಡತಿ ಮುನವ್ವರ ಬೇಗಂ, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಅದನ್ನು ಕೇಳಿ ಸಿಟ್ಟಾಗಲಿಲ್ಲ. ಬಜಾರಿನಿಂದ ಹೊಸ ತವಾ ತರಿಸಿ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದರು.

"ಇದು ನಿಂದು. ಇದರ ಮ್ಯಾಲ ನಿನ್ನ ರೊಟ್ಟಿ ಬಿಟ್ಟು ಬ್ಯಾರೆ ಏನೂ ಬೇಯಂಗಿಲ್ಲ. ನಿಮ್ಮ ಅಪ್ಪಗ ಆಣಿ ಮಾಡಿ ಹೇಳು," ಎಂದರು.

ನಾಲ್ಕು ವರ್ಷ ಆ ತವಾ ಹಾಗೇ ನಡೆಯಿತು. ಅಪ್ಪ ಕಳಿಸಿದ ಹಿಟ್ಟು ತಿಂಗಳ ನಡುವೆಯೇ ಮುಗಿಯುತ್ತಿತ್ತು. ರೊಟ್ಟಿ ಮುಗಿಯುತ್ತಿರಲಿಲ್ಲ. ಅದು ಯಾರ ಹಿಟ್ಟು ಎಂದು ನಾನು ಕೇಳಲಿಲ್ಲ, ಖಾಲಾ ಹೇಳಲಿಲ್ಲ.

ಸಂಜೆ ಮಾಸ್ತರು ನನಗೆ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದರು. ಒಂದು ಚುಕ್ಕಿ ತಪ್ಪಿದರೆ ಹಾಳೆ ಹರಿದು ಮತ್ತೆ ಬರೆಸುವರು. "ಹೊಟ್ಟಿಗಿ ಅಕ್ಷರಾನೇ ಆಧಾರ ಬೇಟಾ, ನಿನಗ ಹೊಲ ಇಲ್ಲ," ಎನ್ನುವರು. ಆಮೇಲೆ ಹೈದರಾಬಾದಿಗೆ ಹೋಗಿ ಬಿ.ಎ. ಮಾಡಿದೆ. ನಮ್ಮ ಊರಿಗೇ ನಾನು ಮೊದಲ ಡಿಗ್ರಿಯವನು.

ಡಿಗ್ರಿ ಹಿಡಿದು ನೌಕರಿ ಹುಡುಕುತ್ತ ಮತ್ತೆ ಮಾಸ್ತರ ಪಡಸಾಲೆಗೆ ಬಂದದ್ದು ನಲವತ್ತೆಂಟರ ಬೇಸಿಗೆಯಲ್ಲಿ. ಊರೆಲ್ಲ ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಕಾರುಬಾರು. ಒಂದು ಸಂಜೆ ಅವರಲ್ಲಿ ನಾಲ್ಕು ಜನ ಮಾಸ್ತರ ಬಾಗಿಲಿಗೆ ಬಂದು ಚಂದಾ ಕೇಳಿದರು. ನಾನು, ಖಾಲಾ ಬಾಗಿಲ ಹಿಂದೆ ನಿಂತಿದ್ದೆವು. ಮಾಸ್ತರು ಹೊಸ್ತಿಲು ಬಿಟ್ಟು ಅಲುಗಲಿಲ್ಲ. "ನಾನು ಸಾಲಿ ಕಲಸಾಂವ. ಬಂದೂಕಿಗಿ ರೊಕ್ಕ ಕೊಡಾಂವ ಅಲ್ಲ. ಹೋಗ್ರಿ," ಎಂದರು. ಬಂದವರು ಬೈದು, ಅಂಗಳದಲ್ಲಿ ಉಗುಳಿ ಹೋದರು. ಇದನ್ನು ಕಂಡವರು ನಾವಿಬ್ಬರೇ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಐದು ದಿನದಲ್ಲಿ ರಾಜ್ಯ ಮಗುಚಿತು. ನನ್ನ ಉರ್ದು ಡಿಗ್ರಿ ರಾತ್ರೋರಾತ್ರಿ ರದ್ದಿಯಾಯಿತು ಎಂದುಕೊಂಡು ಅತ್ತೆ. ಮಾಸ್ತರ ಗತಿ ಅದಕ್ಕಿಂತ ಕೆಟ್ಟಿತು. ಅವರು ರಜಾಕಾರರಿಗೆ ಚಂದಾ ಎತ್ತಿ ಕೊಟ್ಟಿದ್ದಾರೆ ಎಂದು ಯಾರೋ ಅರ್ಜಿ ಹಾಕಿದರು. ವಿಚಾರಣೆ ಮುಗಿಯುವ ತನಕ ಸಾಲಿಗೆ ಬರಬೇಡಿ ಎಂದು ಹುಕುಂ ಬಂತು. ಅವರ ಪರವಾಗಿ ಹೆಂಡತಿಯ ಸಾಕ್ಷಿ ನಡೆಯುವುದಿಲ್ಲ ಎಂದರಂತೆ. ಉಳಿದ ಸಾಕ್ಷಿ ನಾನೊಬ್ಬ. ನಾನಾಗಿ ಹೋಗಲು ಅಂಜಿದೆ, ಹೋಗು ಎಂದು ಮಾಸ್ತರೂ ಒತ್ತಾಯಿಸಲಿಲ್ಲ.

ಮುಂದಿನ ವರ್ಷ, ಹೊರಗಿನಿಂದ ಬಂದ ಹೊಸ ಅಧಿಕಾರಿಗಳಿಗೆ ಹಳೆಯ ಕಾಗದ ಓದಲು ಬಾರದೆ, ಉರ್ದುವಿನಿಂದ ಕನ್ನಡಕ್ಕೆ ತರ್ಜುಮೆ ಮಾಡುವ ಗುಮಾಸ್ತ ಬೇಕೆಂದು ಬೀದರಿನಲ್ಲಿ ಕರೆದರು. ಸುದ್ದಿ ತಂದವರು ಮಾಸ್ತರೇ. ಅರ್ಜಿ ಬರೆಸಿದರು. ಆಗಿನ ರೂಢಿಯಂತೆ ಕಚೇರಿಯ ಸಾಹೇಬರಿಗೆ ಉರ್ದುವಿನಲ್ಲೇ ಒಂದು ಸಿಫಾರಸು ಚಿಟ್ಟಿ ಬರೆದು, ಮಡಚಿ, ಗೋಂದು ಹಚ್ಚಿ ಕೊಟ್ಟರು. ಅವರಿಗೆ ಬರೆಯಲು ಬರುತ್ತಿದ್ದುದು ಅದೊಂದೇ; ಕಚೇರಿಯಲ್ಲಿ ಓದಿ ಹೇಳುವವರು ಯಾರಾದರೂ ಇರುತ್ತಾರೆ ಎಂದುಕೊಂಡಿದ್ದರು.

"ದಾರ್ಯಾಗ ತಗದು ನೋಡಬ್ಯಾಡ. ಚಿಟ್ಟಿ ಒಯ್ಯಾಂವ ಓದಬಾರದು. ಅದು ಅದಬು, ದೊಡ್ಡವರ ಮರ್ಯಾದಿ," ಎಂದರು.

ನಾನು ನೋಡಲಿಲ್ಲ. ಅಷ್ಟರಮಟ್ಟಿಗೆ ಸಭ್ಯನಾಗಿದ್ದೆ.

ಒಳಗೆ ಮೂವರು ಕುಳಿತಿದ್ದರು. ನಡುವಿನವರು ಧಾರವಾಡ ಕಡೆಯಿಂದ ಬಂದ ಸಾಹೇಬರು. ಮಾಸ್ತರ ವಿಚಾರಣೆಯೂ ಅವರ ಕೈಯಲ್ಲೇ ಇತ್ತು. ಚಿಟ್ಟಿ ಕೊಟ್ಟೆ. ಅವರು ಬಿಡಿಸಿ, ಹಿಂದೆ ಮುಂದೆ ತಿರುವಿ ನಕ್ಕರು.

"ಇದು ನಮಗ್ಯಾರಿಗೂ ಬರೂದಿಲ್ಲಪಾ. ಇದ ನಿನ್ನ ಪರೀಕ್ಷಾ ಆಗ್ಲಿ. ಓದಿ ಕನ್ನಡದಾಗ ಹೇಳು."

ಮಾಸ್ತರ ಮುದ್ದು ಅಕ್ಷರ. 'ಈತ ನನ್ನ ಮನೆಯ ಮಗ' ಎಂದು ಮೊದಲ ಸಾಲು. "ಈತ ನನ್ನ ಒಳ್ಳೇ ವಿದ್ಯಾರ್ಥಿ," ಎಂದು ಓದಿದೆ. ಅಕ್ಷರ ಚೊಕ್ಕ, ನಡತೆ ಚೊಕ್ಕ, ಸುಳ್ಳು ಹೇಳುವವನಲ್ಲ. ಇವನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕೊನೆಯ ಸಾಲಿಗೆ ಬಂದೆ.

'ಹುಜೂರ್, ಚಂದಾ ಕೇಳಲು ಬಂದವರಿಗೆ ನಾನು ಏನು ಹೇಳಿದೆ ಎಂಬುದನ್ನು ಬಾಗಿಲ ಹಿಂದೆ ನಿಂತು ಈ ಹುಡುಗ ಕೇಳಿದ್ದಾನೆ. ದಯವಿಟ್ಟು ಈತನನ್ನು ಒಂದು ಮಾತು ಕೇಳಿ.'

"ಯಾಕ ನಿಂತಿ?" ಎಂದರು ಸಾಹೇಬರು.

ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು. ಆ ಮನೆಯಲ್ಲಿ ಇದ್ದವನು ಎಂದು ಗೊತ್ತಾದರೆ ನೌಕರಿ ಅವರಲ್ಲಿ ಒಬ್ಬನ ಪಾಲು ಎಂದು ನನಗೆ ಅನ್ನಿಸಿತು. ಹಾಗೆಂದು ಯಾರೂ ಹೇಳಿರಲಿಲ್ಲ. ಸಾಹೇಬರ ಮುಖವೂ ಕೆಟ್ಟದಾಗಿರಲಿಲ್ಲ. ಕೇಳಿದ್ದರೆ ನಂಬುತ್ತಿದ್ದರೋ ಏನೋ. ಆದರೆ ಹೆದರಿದವನಿಗೆ ಹಗ್ಗವೂ ಹಾವು.

"ಇಷ್ಟೇ ಅದರಿ. ಕೆಳಗ ಸಲಾಮು, ಸಹಿ."

"ಬರದವ್ರು ಯಾರು?"

"ಹಳೇ ಮಾಸ್ತರೊಬ್ಬರು ಇದ್ದಾರ್ರಿ. ಸಹಿ ಸರಿಯಾಗಿ ತಿಳೀವಲ್ದು."

ಸಾಹೇಬರು ಪಕ್ಕದವರ ಕಡೆ ತಿರುಗಿ, "ಚೊಲೋ ಓದಿದಾ ನೋಡ್ರಿ, ಶಬ್ದಕ್ಕ ಶಬ್ದ ಹೇಳಿದಾ," ಎಂದು ಹೊಗಳಿದರು. ಚಿಟ್ಟಿಯನ್ನು ನನಗೇ ವಾಪಸು ಕೊಟ್ಟರು. ಅದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ನನಗೆ ತರ್ಜುಮೆಯ ನೌಕರಿ ಸಿಕ್ಕಿತು. ಸುಳ್ಳು ತರ್ಜುಮೆ ಮಾಡಿ ಸಿಕ್ಕಿತು.

ಭಾಲ್ಕಿಗೆ ಹಾಕಿದರು. ಹೊರಡುವ ಹಿಂದಿನ ದಿನ, ಶನಿವಾರ, ಮಧ್ಯಾಹ್ನ ಮಾಸ್ತರಿಗೆ ಹೇಳಲು ಹೋದೆ. ನೌಕರಿ ಸಿಕ್ಕಿತೆಂದು ಕೇಳಿ ನನ್ನ ತಲೆ ಸವರಿದರು. ನಿಜವಾಗಿ ಹಿಗ್ಗಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಸಾಹೇಬರು ಚಿಟ್ಟಿ ಓದಿದರೇನು?"

"ಓದಿದರ್ರಿ."

"ನಿನಗ ಏನರೆ ಕೇಳಿದರೇನು?"

"ಏನೂ ಕೇಳಲಿಲ್ರಿ."

"ಕೇಳಲಿಲ್ಲಾ? ಅವರಿಗಿ ಚಿಟ್ಟಿ ಓದಿ ಹೇಳಿದವರು ಯಾರು?"

ಬೇರೆ ಯಾರೋ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮನೆಯಲ್ಲಿ ನಿಂತು ಅಷ್ಟು ಸುಳ್ಳು ಬಾಯಿಗೆ ಬರಲಿಲ್ಲ.

"ನನಗೇ ಓದು ಅಂದರ್ರಿ."

ಮಾಸ್ತರು ನನ್ನನ್ನು ನೋಡಿದರು. ತಪ್ಪಿದ ಚುಕ್ಕಿಯನ್ನು ಹುಡುಕಿ ಹಿಡಿಯುವ ಅದೇ ನೋಟ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ, ಎರಡು ಏಟು ಹಾಕಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆ. ಅವರು ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ಮೊದಲನೇ ಪಗಾರದಾಗ ನಿಮ್ಮ ಅಪ್ಪಗ ಒಂದು ಧೋತರ ತಗೋ," ಎಂದರು. ಆಮೇಲೆ ಒಳಗೆ ತಿರುಗಿ, "ಹುಡುಗ ಹಸದಾನ, ಊಟಕ್ಕ ಹಾಕು," ಎಂದು ಕೂಗಿದರು.

ಖಾಲಾ ಎಲ್ಲ ಕೇಳಿಸಿಕೊಂಡಿದ್ದರು. ಕಣ್ಣು ಕೆಂಪಾಗಿತ್ತು. ಗೂಟದಿಂದ ನನ್ನ ತವಾ ಇಳಿಸಿದರು. ಅಪ್ಪನ ಹಿಟ್ಟು ಆ ಮನೆಗೆ ಬಂದು ವರ್ಷಗಳಾಗಿದ್ದವು. ಮಾಸ್ತರ ಪಗಾರ ನಿಂತೂ ತಿಂಗಳುಗಳಾಗಿದ್ದವು. ಆದರೂ ಎರಡು ರೊಟ್ಟಿ ಬಡಿದು ನನ್ನ ಮುಂದೆ ಇಟ್ಟರು.

ಮಾಸ್ತರನ್ನು ನೌಕರಿಯಿಂದ ತೆಗೆದುಹಾಕುವ ಹುಕುಂ ಬಂದದ್ದು ಸೋಮವಾರ. ಅಂದು ಇನ್ನೂ ಶನಿವಾರ. ಸಾಹೇಬರ ಕಚೇರಿ ಚೌಬಾರಾ ಗೋಪುರ ದಾಟಿದರೆ ಹತ್ತು ನಿಮಿಷದ ದಾರಿ, ಚಿಟ್ಟಿ ನನ್ನ ಜೇಬಿನಲ್ಲೇ ಇತ್ತು. ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು.

ನಾನು ಕೈ ತೊಳೆದುಕೊಂಡು ಕುಳಿತೆ. ಎರಡೂ ರೊಟ್ಟಿ ಉಂಡೆ.